ಮಾರ್ಚ್ 20: ಒಂದು ತಾರೀಖು, ಎರಡು ಊರು

ಹಾಸ್ಟೆಲಿನ ಗೆಳೆಯರೇ,

ನವೆಂಬರ್ 1 ಬಂತೆಂದರೆ ಶಾಲೆ ಕಾಲೇಜುಗಳಲ್ಲಿ ಬಾವುಟ ಏರುತ್ತದೆ. 1956ರಲ್ಲಿ ರಾಜ್ಯ ಒಂದಾಯಿತು, 1973ರಲ್ಲಿ ಕರ್ನಾಟಕ ಅಂತ ಹೆಸರಾಯಿತು. ಒಳ್ಳೇದೇ. ಆದರೆ ಇದೇ ರಾಜ್ಯದ ಚರಿತ್ರೆಯಲ್ಲಿ ಮಾರ್ಚ್ 20 ಅನ್ನೋ ದಿನವೂ ಇದೆ. ಅದಕ್ಕೆ ಬಾವುಟವಿಲ್ಲ, ರಜೆಯಿಲ್ಲ. ನಾವಾದರೂ ನೆನೆಯಬೇಡವೆ?

1927ರ ಮಾರ್ಚ್ 20. ಆಗಿನ ಮುಂಬಯಿ ಪ್ರಾಂತ್ಯದ ಮಹಾಡ್‌ನಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಚೌದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದರು. ಕೆರೆ ಎಲ್ಲರದು ಅಂತ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಕಾಗದದ ಠರಾವು ಯಾರ ಬಾಯಾರಿಕೆಯನ್ನೂ ತಣಿಸಿರಲಿಲ್ಲ. ನೀರು ಮುಟ್ಟಿದ್ದಕ್ಕೆ ಸವರ್ಣೀಯರು ದೊಣ್ಣೆ ಎತ್ತಿದರು. ಆಮೇಲೆ ಗಂಜಲ ಸಗಣಿ ಹಾಕಿ ಕೆರೆ 'ಶುದ್ಧ' ಮಾಡಿದರು! ಹೈಕೋರ್ಟಿನ ತೀರ್ಪು ನಮ್ಮ ಪರ ಬರಲು 1937 ಆಗಬೇಕಾಯಿತು.

1986ರ ಮಾರ್ಚ್ 20. ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಚಂದ್ರಗುತ್ತಿ, ರೇಣುಕಾಂಬೆಯ ಜಾತ್ರೆ. ವರದಾ ನದಿಯಲ್ಲಿ ಮಿಂದು ಗುಡ್ಡದ ಗುಡಿವರೆಗೆ ಬೆತ್ತಲೆ ಸೇವೆ. ಇದು ಬೇಡ ಅಂತ ತಿಳಿಹೇಳಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರಿಗೆ ಏಟು ಬಿತ್ತು. ಪೊಲೀಸರನ್ನೂ, ಹೆಣ್ಣು ಅಂತಲೂ ನೋಡದೆ ಮಹಿಳಾ ಪೊಲೀಸರನ್ನೂ ಬೆತ್ತಲೆ ಮಾಡಿ ನಡೆಸಿದರು. ಬಳಿಕ ಸರ್ಕಾರ ಈ ಸೇವೆಯನ್ನು ನಿಷೇಧಿಸಿತು. ನ್ಯಾಯಮೂರ್ತಿ ಚನ್ನಬಸಪ್ಪ ಆಯೋಗ ಕೂತಿತು.

ಮಹಾಡ್‌ನಲ್ಲಿ ಹೊಡೆದವರು ಮೇಲ್ಜಾತಿಯವರು. ಚಂದ್ರಗುತ್ತಿಗೆ ಹರಕೆ ಹೊತ್ತು ಬಂದವರಲ್ಲಿ ನಮ್ಮ ಕೇರಿಯ ತಾಯಂದಿರೇ ಎಷ್ಟೋ ಮಂದಿ. ಇದು ಕಹಿ ಸತ್ಯ, ನುಂಗಲೇಬೇಕು. ಮಗುವಿಗೆ ಕಾಯಿಲೆ, ಮಡಿಲು ತುಂಬಲಿಲ್ಲ ಅನ್ನೋ ಕೊರಗು, ಕೈಯಲ್ಲಿ ಕಾಸಿಲ್ಲ, ಹತ್ತಿರ ಆಸ್ಪತ್ರೆಯಿಲ್ಲ. ಹೋಗೋದಾದರೂ ಎಲ್ಲಿಗೆ? ಅಂಥ ತಾಯಿಗೆ 'ಮೂಢಳು' ಅಂತ ಬೈದು ಬಂದರೆ ನಮ್ಮ ಓದು ಯಾತಕ್ಕೆ?

ಕೆಲವರು ಕೇಳ್ತಾರೆ: ಉಡುತಡಿಯ ಅಕ್ಕ ಬಟ್ಟೆ ಬಿಟ್ಟು ನಡೆಯಲಿಲ್ಲವೆ, ಇದೂ ಹಾಗೇ ಅಲ್ಲವೆ? ಅಲ್ಲ ಸ್ವಾಮಿ. ಅಕ್ಕ ಅರಸ ಕೌಶಿಕನನ್ನೇ ಧಿಕ್ಕರಿಸಿ ಹೊರಟವಳು. ಅದು ಅವಳದೇ ತೀರ್ಮಾನ. ಹರಕೆ ತೀರಿಸದಿದ್ದರೆ ಕೇಡಾದೀತು ಅನ್ನೋ ಭಯ ಬಿಚ್ಚಿಸಿದ ಸೀರೆಯೂ ಅದೂ ಒಂದೇ ಹೇಗಾದೀತು?

ಗೆಳೆಯರೇ, ಮಹಾಡ್‌ನಲ್ಲಿ ಠರಾವಿತ್ತು, ಇಲ್ಲಿ ನಿಷೇಧವಿದೆ. ಕಾಗದಕ್ಕೆ ಕಾಲಿಲ್ಲ, ಕೇರಿಗೆ ಅದನ್ನು ಮುಟ್ಟಿಸುವ ಕಾಲು ನಮ್ಮದೇ. ರಜೆಗೆ ಊರಿಗೆ ಹೋದಾಗ ಅವ್ವನ ಪಕ್ಕ ಕೂತು ಅವಳ ಹರಕೆ ಏನು ಅಂತ ಮೊದಲು ಕೇಳಿ. ಕಾಯಿಲೆಯಾದರೆ ಆಸ್ಪತ್ರೆಗೆ ಜೊತೆಗೆ ಹೋಗಿ, ಆಸ್ಪತ್ರೆಯಿಲ್ಲದಿದ್ದರೆ ಅರ್ಜಿ ಬರೆದು ಊರವರ ಸಹಿ ಹಾಕಿಸಿ. ಮಾರ್ಚ್ 20ರ ಆಚರಣೆ ಅಲ್ಲಿಂದ ಶುರುವಾಗಲಿ.

ಜೈಭೀಮ್.