ಅಲ್ಪವಿರಾಮದ ಅಧಿಕಾರ

ಶೈಲಿಯೆಂದರೆ ಬರೆಯುವವರ ಉಸಿರು ಎಂದು ನಂಬಿ ಬೆಳೆದವರು ನಾವು. ಆದ್ದರಿಂದ ತಂತ್ರಾಂಶ ಬರೆಯುವ ಗೆಳೆಯರು ತಮ್ಮ ಕೋಡಿನ ಅಂದಚಂದವನ್ನು ‘ಫಾರ್ಮ್ಯಾಟರ್’ ಎಂಬ ಯಂತ್ರಕ್ಕೆ ಒಪ್ಪಿಸಿದ್ದೇವೆ ಎಂದಾಗ ನಮ್ಮಲ್ಲಿ ಅನೇಕರು ಹುಬ್ಬು ಗಂಟಿಕ್ಕುತ್ತಾರೆ. ನಾಳೆ ಕವಿತೆಯ ಸಾಲುಗಳನ್ನೂ ಯಂತ್ರವೇ ಮುರಿಯಲಿ ಎಂಬ ಕುಹಕವೂ ಕೇಳಿಬರುತ್ತದೆ. ಈ ಅಭಿಮಾನ ಸಲ್ಲದ ಜಾಗದಲ್ಲಿ ಹುಟ್ಟಿದೆ ಎಂಬುದು ನಮ್ಮ ವಾದ.

ಜಾಂಗೋ ಎಂಬ ಮುಕ್ತ ತಂತ್ರಾಂಶವನ್ನೇ ನೋಡೋಣ. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ದಿನಪತ್ರಿಕೆಯೊಂದರ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಸಾರ್ವಜನಿಕರ ಕೈಸೇರಿದ ಇದು, ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟುವವರಿಗೆ ಅಡಿಪಾಯ. ಇದಕ್ಕೆ ಕೈಜೋಡಿಸಿದವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿದವರು. 2019ರಲ್ಲಿ ಇದರ ತಾಂತ್ರಿಕ ಮಂಡಳಿಯು ‘ಬ್ಲ್ಯಾಕ್’ ಎಂಬ ಫಾರ್ಮ್ಯಾಟರನ್ನು ಅಳವಡಿಸಿಕೊಳ್ಳಲು ಒಪ್ಪಿತು. ಅದು ಪ್ರಾಯೋಗಿಕ ಹಂತ ದಾಟಲಿ ಎಂದು ಕಾದಿತು. 2022ರ ಜನವರಿಯಲ್ಲಿ ಬ್ಲ್ಯಾಕ್‌ನ ಸ್ಥಿರ ಆವೃತ್ತಿ ಬಂತು. ಮುಂದಿನ ತಿಂಗಳೇ ಜಾಂಗೋದ ಪೈಥಾನ್ ಕೋಡೆಲ್ಲ ಹೊಸ ಅಚ್ಚಿಗೆ ಇಳಿಯಿತು. ಒಂಟಿ ಉದ್ಧರಣ ಚಿಹ್ನೆಗಳು ಬಹುತೇಕ ಜೋಡಿಯಾದವು. ಸಾಲಿನ ಉದ್ದಕ್ಕೆ 88 ಅಕ್ಷರಗಳ ಮಿತಿ ಬಿತ್ತು.

ಆಕ್ಷೇಪಗಳು ಹುರುಳಿಲ್ಲದವೇನಲ್ಲ. ಸಾವಿರಾರು ಸಾಲುಗಳನ್ನು ಯಂತ್ರ ಒಮ್ಮೆಲೇ ಮುಟ್ಟಿದರೆ, ಯಾವ ಸಾಲನ್ನು ಯಾರು ಯಾವ ಕಾರಣಕ್ಕೆ ಬರೆದರು ಎಂಬ ಇತಿಹಾಸದ ಮೇಲೆ ಸುಣ್ಣ ಬಳಿದಂತಾಗುತ್ತದೆ ಎನ್ನುವುದು ಮೊದಲನೆಯದು. ಆದರೆ 2019ರ ಆಗಸ್ಟ್‌ನಲ್ಲಿ ಬಂದ ಗಿಟ್‌ನ 2.23ನೇ ಆವೃತ್ತಿ, ಇಂಥ ತಿದ್ದುಪಡಿಗಳನ್ನು ಬದಿಗಿಟ್ಟು ಅವುಗಳ ಹಿಂದಿನ ಕರ್ತೃವನ್ನು ತೋರಿಸುವ ಸೌಲಭ್ಯ ಕೊಟ್ಟಿದೆ; ಜಾಂಗೋ ಅದನ್ನು ಬಳಸಿಕೊಂಡಿತು. ಕೈಯಿಂದ ಒಪ್ಪವಾಗಿ ಜೋಡಿಸಿದ ಅಂಕಿಗಳ ಕೋಷ್ಟಕ ಕೆಡುತ್ತದೆ ಎನ್ನುವುದು ಎರಡನೆಯದು. ಆ ಭಾಗವನ್ನು ಮುಟ್ಟದಿರು ಎಂದು ಕೋಡಿನಲ್ಲೇ ಬರೆದಿಟ್ಟರೆ ಬ್ಲ್ಯಾಕ್ ಮುಟ್ಟುವುದಿಲ್ಲ. ಅರ್ಧ ಮುಗಿಸಿದ ತಿದ್ದುಪಡಿಗಳನ್ನು ಕೈಯಲ್ಲಿಟ್ಟುಕೊಂಡವರಿಗೆ ಮರುಕೆಲಸ ತಪ್ಪುವುದಿಲ್ಲ, ನಿಜ. ಆ ಕಷ್ಟ ಒಂದು ಸಲದ್ದು, ಜಗಳವಾದರೋ ನಿತ್ಯದ್ದು.

ಇನ್ನು ಕವಿತೆಯ ಕುಹಕ. ಕವಿತೆಯಲ್ಲಿ ಸಾಲು ಮುರಿಯುವ ಜಾಗವೇ ಅರ್ಥ. ಪೈಥಾನ್‌ನಲ್ಲಿಯೂ ಸಾಲಿನ ಆರಂಭದ ಒಳಸರಿತಕ್ಕೆ ಅರ್ಥವುಂಟು. ಆ ಅರ್ಥವನ್ನು ಬ್ಲ್ಯಾಕ್ ಕೆಡಿಸುವುದಿಲ್ಲ. ತಿದ್ದುವ ಮೊದಲಿನ ಮತ್ತು ಅನಂತರದ ಕೋಡಿನ ಅರ್ಥರಚನೆ ಒಂದೇ ಆಗಿದೆಯೇ ಎಂದು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಅದು ಕಿತ್ತುಕೊಳ್ಳುವುದು ಅರ್ಥವಿಲ್ಲದ ಕಡೆ ನಾವು ಹೂಡುವ ಹಠವನ್ನು ಮಾತ್ರ. ಹೆಸರಿಡುವ ವಿವೇಕ, ದೊಡ್ಡ ಕೆಲಸವನ್ನು ಚಿಕ್ಕ ಭಾಗಗಳಾಗಿ ಒಡೆಯುವ ಜಾಣ್ಮೆ, ಯಾವುದನ್ನು ಬರೆಯದೆ ಬಿಡಬೇಕೆಂಬ ಸಂಯಮ – ಶೈಲಿಯೆಂಬುದು ಇವುಗಳಲ್ಲಿದೆ. ಇವೆಲ್ಲ ಮನುಷ್ಯರ ಪಾಲಿಗೇ ಉಳಿಯುತ್ತವೆ.

ಈ ಹಠ ನಿರಪಾಯಕಾರಿ ಎಂದು ಯಾರೂ ಭಾವಿಸಬಾರದು. ಸರ್ಕಾರಿ ಕಡತಗಳ ನಡುವೆ ಬದುಕುವ ನಾವು ಅದರ ಮುಖವನ್ನು ಹತ್ತಿರದಿಂದ ಕಂಡಿದ್ದೇವೆ. ನಮ್ಮದೊಂದು ಕರಡು ಮೂರು ಬಾರಿ ಮರಳಿ ಬಂದಿತ್ತು: ಒಮ್ಮೆ ಪ್ಯಾರಾ ಸಂಖ್ಯೆಗಾಗಿ, ಒಮ್ಮೆ ಅಲ್ಪವಿರಾಮಕ್ಕಾಗಿ, ಮತ್ತೊಮ್ಮೆ ಎಲ್ಲವನ್ನೂ ಮೊದಲಿನಂತೆಯೇ ಮಾಡುವುದಕ್ಕಾಗಿ. ವಿಷಯದ ಬಗ್ಗೆ ಒಂದಕ್ಷರದ ಷರಾ ಇರಲಿಲ್ಲ. ವಾದವನ್ನು ಎದುರಿಸಲಾಗದವರಿಗೆ ಅಂಚಿನ ಅಳತೆಗಿಂತ ಸುಲಭದ ಆಯುಧ ಬೇರೆ ಯಾವುದಿದೆ? ಮುಕ್ತ ತಂತ್ರಾಂಶದ ಬಾಗಿಲಿಗೆ ಮೊದಲ ಬಾರಿ ಬಂದ ವಿದ್ಯಾರ್ಥಿಗೂ ಇದೇ ಗತಿ. ಆತ ಒಂದು ದೋಷವನ್ನು ಸರಿಪಡಿಸಿ ತಂದಿರುತ್ತಾನೆ. ಹಳಬರು ಅವನ ಖಾಲಿ ಜಾಗಗಳನ್ನು ಎಣಿಸುತ್ತಾರೆ. ಎರಡನೆಯ ಬಾರಿ ಅವನು ಬರುವುದಿಲ್ಲ. ಅದೇ ತಿದ್ದುಪಡಿಯನ್ನು ಯಂತ್ರ ಮಾಡಿದರೆ ಅವಮಾನವಿಲ್ಲ, ಏಕೆಂದರೆ ಅದು ಹಳಬನನ್ನೂ ಹೊಸಬನನ್ನೂ ಒಂದೇ ರೀತಿ ತಿದ್ದುತ್ತದೆ. ಬ್ಲ್ಯಾಕ್ ತನ್ನ ಬಳಕೆದಾರರಿಗೆ ಆಯ್ಕೆಗಳನ್ನು ಬಹು ಕಡಿಮೆ ಕೊಡುವುದೂ ಇದಕ್ಕಾಗಿಯೇ. ಆಯ್ಕೆ ಹೆಚ್ಚಿದಷ್ಟೂ ಜಗಳಕ್ಕೆ ಎಡೆ ಹೆಚ್ಚು. 2009ರಲ್ಲಿ ಪ್ರಕಟವಾದ ಗೋ ಭಾಷೆಯು ಆರಂಭದಿಂದಲೇ ತನ್ನದೇ ಫಾರ್ಮ್ಯಾಟರನ್ನು ಜೊತೆಗಿಟ್ಟುಕೊಂಡು ಈ ಬಾಗಿಲನ್ನೇ ಮುಚ್ಚಿತು.

ಹೊರನಾಡಿನ ಕನ್ನಡ ಬಳಗಗಳೂ ಈ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬಹುದು. ಮನೆಯಲ್ಲಷ್ಟೇ ಕನ್ನಡ ಕಲಿತ ಹುಡುಗಿಯೊಬ್ಬಳು ಸ್ಮರಣಸಂಚಿಕೆಗೆ ತನ್ನ ಮೊದಲ ಲೇಖನ ಕಳಿಸಿದರೆ ನಾವು ಮೊದಲು ಹುಡುಕುವುದು ಏನನ್ನು? ಅವಳು ಹೇಳಹೊರಟ ಸಂಗತಿಯನ್ನೋ, ಅರ್ಕಾವತ್ತನ್ನೋ? ಅಚ್ಚಿನ ನಿಯಮಗಳನ್ನು ಒಮ್ಮೆ ಕೂತು ತೀರ್ಮಾನಿಸಿ ಎಲ್ಲರ ಬರಹಕ್ಕೂ ಸದ್ದಿಲ್ಲದೆ ಅನ್ವಯಿಸಿದರೆ ಕೆಲಸ ಮುಗಿಯಿತು. ಆಮೇಲೆ ಜಗಳವಾಡಲು ಅವಳ ವಿಚಾರಗಳಿರುತ್ತವೆ. ಅವು ಜಗಳಕ್ಕೆ ಯೋಗ್ಯವಾದವು.