“ಊಟ ಎಲ್ಲಿ ಚೆನ್ನಾಗಿರುತ್ತೆ?” ಅಂದ್ರೆ ನಾವು ಏನು ಹೇಳ್ತೀವಿ?

ನಮ್ಮ ಗುಂಪಿನಲ್ಲಿ ನಾಲ್ಕು ಜನ ಇದ್ದೀವಿ. ಹೊಸಪೇಟೆ, ಹಂಪಿ ಪಕ್ಕದ ಕಮಲಾಪುರ, ಸಂಡೂರು, ಕಂಪ್ಲಿ, ಹೀಗೆ ಊರಿಗೊಬ್ಬರು. ಹಾಸ್ಟೆಲ್‌ನಲ್ಲಿ ಯಾರಾದ್ರೂ ಹಂಪಿಗೆ ಟ್ರಿಪ್ ಹೊರಟರೆ ಮೊದಲು ನಮ್ಮ ರೂಮಿನ ಬಾಗಿಲು ತಟ್ಟುತ್ತಾರೆ. “ಮಗಾ, ಅಲ್ಲಿ ಊಟಕ್ಕೆ ಯಾವ ಹೋಟೆಲ್ ಚೆನ್ನಾಗಿದೆ?” ನಾವು ಮ್ಯಾಪ್ ತೆಗೆದು, ಜಾಸ್ತಿ ಸ್ಟಾರ್ ಇರೋ ಕೆಫೆಗಳ ಲಿಂಕ್ ಕಳಿಸಿಬಿಡ್ತೀವಿ. ನಿಜ ಹೇಳಬೇಕು ಅಂದ್ರೆ, ಅವುಗಳಲ್ಲಿ ಅರ್ಧದಷ್ಟು ಕಡೆ ನಾವೇ ಊಟ ಮಾಡಿಲ್ಲ. ಇದು ತಪ್ಪು ಅಂತ ಈಗ ನಮಗೆ ಅನಿಸ್ತಿದೆ.

ಹಂಪಿಯ ಕೆಫೆಗಳಲ್ಲಿ ಪ್ಯಾನ್‌ಕೇಕ್, ಹಮ್ಮಸ್, ಫಲಾಫೆಲ್ ಎಲ್ಲಾ ಸಿಗುತ್ತೆ. ವಿದೇಶದವರು ಬರ್ತಾರೆ ಅಂತ ಶುರುವಾದ ಮೆನು ಅದು. ನಮ್ಮ ಕಡೆಯವರಿಗೂ ಅದರಿಂದ ಹೊಟ್ಟೆಪಾಡು ನಡೀತಿದೆ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಬೆಂಗಳೂರಲ್ಲೂ ಸಿಗೋ ಪಾಸ್ತಾ ತಿನ್ನೋಕೆ ರಾತ್ರಿಯೆಲ್ಲ ರೈಲಲ್ಲಿ ಕೂತು ಬರಬೇಕಾ?

ಕಳೆದ ದಸರಾ ರಜೆಯಲ್ಲಿ ಮೂವರು ಗೆಳೆಯರು ಬಂದಿದ್ರು. ಎರಡೂ ದಿನ ಅವರನ್ನ ಎ.ಸಿ. ಇರೋ ಹೋಟೆಲ್‌ಗೆ ಕರ್ಕೊಂಡು ಹೋಗಿ ಪನೀರು, ನಾನ್ ತಿನ್ನಿಸಿದ್ವಿ. ವಾಪಸ್ ಹೋಗೋ ದಿನ ಬೆಳಿಗ್ಗೆ ಬಸ್ಸಿಗೆ ಟೈಮ್ ಇತ್ತು ಅಂತ ಹೊಸಪೇಟೆಯಲ್ಲಿ ಒಂದು ತಳ್ಳುಗಾಡಿ ಮುಂದೆ ನಿಂತ್ವಿ. ಮಂಡಕ್ಕಿ ಒಗ್ಗರಣಿ, ಮೇಲೆ ಪುಟಾಣಿ ಪುಡಿ, ಪಕ್ಕದಲ್ಲಿ ಬಿಸಿ ಮಿರ್ಚಿ. “ಇನ್ನೊಂದ್ ಹಾಕ್ಲೇನ್ರಿ?” ಅಂತ ಅಕ್ಕ ಕೇಳಿದ್ರು. ಮೂವರೂ ಎರಡೆರಡು ಪ್ಲೇಟ್ ಖಾಲಿ ಮಾಡಿದ್ರು. “ಇದನ್ನ ಮೊದಲೇ ಯಾಕೆ ಹೇಳಲಿಲ್ಲ?” ಅಂತ ಒಬ್ಬ ಕೇಳಿದ. ನಾವು ನಕ್ಕು ಸುಮ್ಮನಾದ್ವಿ.

ಹೇಳದೇ ಇದ್ದಿದ್ದು ನಾಚಿಕೆಗೆ. ಕುರ್ಚಿ ಇಲ್ಲ, ಮೆನು ಕಾರ್ಡ್ ಇಲ್ಲ, ಏನಂದ್ಕೊಳ್ತಾರೋ ಅಂತ. ಇನ್ನೊಂದು ಕಾರಣವೂ ಇದೆ. ನಾವು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಪುಂಡಿ ಪಲ್ಯ ಅಂದ್ರೆ ಏನು ಅಂತ ಇಂಗ್ಲಿಷಲ್ಲಿ ವಿವರಿಸೋಕೆ ಬರಲ್ಲ ಅಂತ ಅದರ ಹೆಸರೇ ಎತ್ತುತ್ತಿರಲಿಲ್ಲ. ಕೊನೆಗೆ ಒಂದ್ಸಲ ಮನೆಯಿಂದ ಡಬ್ಬಿಯಲ್ಲಿ ತಂದಾಗ ಆಂಧ್ರದ ರೂಮ್‌ಮೇಟ್ ಬಾಯಿಗೆ ಹಾಕ್ಕೊಂಡು, “ಅರೇ, ಇದು ಗೋಂಗುರ!” ಅಂದ. ವಿವರಣೆ ಬೇಕಾಗೇ ಇರಲಿಲ್ಲ.

ಹಂಪಿಯಲ್ಲಿ ಭೋಜನಶಾಲೆ ಅಂತ ಒಂದು ಜಾಗ ಇದೆ. ನೀರಿನ ಕಾಲುವೆಯ ಎರಡೂ ಬದಿಗೆ ಕಲ್ಲಿನ ತಟ್ಟೆಗಳ ಸಾಲು. ಅನ್ನಕ್ಕೆ, ಪಲ್ಯಕ್ಕೆ ಬೇರೆಬೇರೆ ಗುಳಿ ಕೊರೆದಿದ್ದಾರೆ. ಬಂದವರೆಲ್ಲ ಅದರ ಫೋಟೊ ತೆಗೀತಾರೆ. ವಿಜಯನಗರದ ಕಾಲದ ತುರ್ತು ಕಾಲುವೆ ಇವತ್ತಿಗೂ ಹಂಪಿಯ ಬಾಳೆತೋಟಗಳಿಗೆ ನೀರು ಕೊಡ್ತಿದೆ. ಕಲ್ಲಿನ ತಟ್ಟೆ ತೋರಿಸಿ, ಈಗಿನ ನಮ್ಮ ತಟ್ಟೆಯಲ್ಲಿ ಏನಿದೆ ಅಂತ ತೋರಿಸದೇ ಕಳಿಸಿದ್ರೆ ಟೂರ್ ಅರ್ಧಕ್ಕೇ ನಿಂತಹಾಗೆ.

“ಬೀದಿ ಬದಿ ತಿಂದು ಹೊಟ್ಟೆ ಕೆಟ್ಟರೆ ಯಾರು ಜವಾಬ್ದಾರಿ?” ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. ಅದಕ್ಕೇ ನಾವು ಮೂರು ನಿಯಮ ಮಾಡ್ಕೊಂಡಿದ್ದೀವಿ. ನಾವೇ ನಾಲ್ಕೈದು ಸಲ ತಿಂದ ಜಾಗ ಮಾತ್ರ ಹೇಳೋದು. ಕಣ್ಣೆದುರೇ ಕರಿದು ಕೊಡೋ ಗಾಡಿಗೇ ಕಳಿಸೋದು. ಖಾರ ಎಷ್ಟಿದೆ ಅಂತ ಮುಚ್ಚಿಡದೇ ಹೇಳಿ, ನೀರಿನ ಬಾಟಲಿ ಜೊತೆಗಿರಲಿ ಅನ್ನೋದು.

ಹಾಗಾಗಿ ಈಗ ಯಾರಾದ್ರೂ ಕೇಳಿದ್ರೆ ನಮ್ಮ ಉತ್ತರ ಇದು. ಬೆಳಿಗ್ಗೆ ಹೊಸಪೇಟೆಯಲ್ಲಿ ಒಗ್ಗರಣಿ-ಮಿರ್ಚಿ. ಸಂಡೂರಿಗೆ ಹೋದ್ರೆ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕಂಪ್ಲಿಯಲ್ಲಿ ಮಾತ್ರ ಹೋಟೆಲ್ ಹೆಸರು ಹೇಳಲ್ಲ. ನಮ್ಮವನ ಅಮ್ಮ ಮನೆಗೇ ಕರ್ಕೊಂಡು ಬರ್ರಿ ಅಂದಿದ್ದಾರೆ.

ಗಾಡಿ ಅಕ್ಕನಿಗೆ ಮ್ಯಾಪ್‌ನಲ್ಲಿ ಹೆಸರಿಲ್ಲ, ಸ್ಟಾರ್ ಇಲ್ಲ. ನಾವು ಹೇಳಿದ್ರೆ ಮಾತ್ರ ಹೊರಗಿನವರು ಅವರ ಹತ್ರ ಹೋಗ್ತಾರೆ. ನಿಮ್ಮ ಊರಲ್ಲೂ ಇಂಥ ಒಂದು ಜಾಗ ಇದ್ದೇ ಇರುತ್ತೆ. ಮುಂದಿನ ಸಂಚಿಕೆಗೆ ಅದರ ಬಗ್ಗೆ ಬರೆದು ಕಳಿಸಿ. ತಿಂದಿದ್ರೆ ಮಾತ್ರ!