ಇಳಿಜಾರಿನಲ್ಲಿ ನ್ಯೂಟ್ರಲ್: ಉಳಿಯೋದೇನು, ಹೋಗೋದೇನು?

ಕುಮಟಾ ಸಂತೆಗೆ ಹಣ್ಣು, ಕಾಯಿಪಲ್ಯೆ ತುಂಬಿಕೊಂಡು ಸವಣೂರಿನಿಂದ ಹೊರಟಿದ್ದ ಲಾರಿ 2025ರ ಜನವರಿ 22ರ ಬೆಳಗಿನ ಜಾವ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಉರುಳಿತು. ಮಾಲಿನ ಜೊತೆಗೇ ಹೊರಟಿದ್ದ ಬಡ ವ್ಯಾಪಾರಿಗಳಲ್ಲಿ ಕನಿಷ್ಠ 10 ಮಂದಿ ಸತ್ತರು. ಇನ್ನೊಂದು ವಾಹನಕ್ಕೆ ಸೈಡು ಕೊಡಲು ಹೋಗಿ ಲಾರಿ ಎಡಕ್ಕೆ ಜಾರಿತು, ಅಲ್ಲಿ ತಡೆಗೋಡೆ ಇರಲಿಲ್ಲ ಎಂದು ಪೊಲೀಸರು ಹೇಳಿದರು.

ಸವಣೂರು ನಮಗೆ ದೂರವಲ್ಲ, ಲಕ್ಷ್ಮೇಶ್ವರದ ಮಗ್ಗುಲಿನ ಊರು. ಗದಗಿನ ಲಾರಿಗಳೂ ಹುಬ್ಬಳ್ಳಿ ದಾಟಿ ಅರಬೈಲ್ ಘಟ್ಟದಲ್ಲೇ ಅಂಕೋಲೆಗೆ ಇಳಿಯುತ್ತವೆ. ಅಂತೂರ-ಬೆಂತೂರದ ಎರಿ ಹೊಲದ ಸಪಾಟು ದಾರಿಯಲ್ಲಿ ಸ್ಟೀರಿಂಗ್ ಹಿಡಿದು ಕಲಿತ ಹುಡುಗನಿಗೆ ಘಟ್ಟದ ಇಳಿಜಾರೆಂದರೆ ಬೇರೆಯೇ ಶಾಲೆ.

ಆ ಶಾಲೆಯ ಮೊದಲ ಪಾಠ: ಯಾವ ಗೇರಿನಲ್ಲಿ ಏರುತ್ತೀಯೋ ಅದೇ ಗೇರಿನಲ್ಲಿ, ಬೇಕಾದರೆ ಅದಕ್ಕಿಂತ ಕೆಳಗಿನ ಗೇರಿನಲ್ಲಿ ಇಳಿ. ಗೇರನ್ನು ಇಳಿಜಾರು ಸುರುವಾಗುವ ಮೊದಲೇ ಹಾಕಬೇಕು. ನಡುವೆ ಬದಲಿಸಲು ಹೋದರೆ ಗೇರು ಬೀಳದೆ ಲಾರಿ ನ್ಯೂಟ್ರಲ್‌ನಲ್ಲಿ ಓಡೀತು. ಗೇರಿನಲ್ಲಿದ್ದಾಗ ಎಂಜಿನ್ನೇ ಲಾರಿಯನ್ನು ಹಿಂದಕ್ಕೆ ಜಗ್ಗುತ್ತದೆ. ಎಕ್ಸಾಸ್ಟ್ ಬ್ರೇಕ್ ಇದ್ದರೆ ಇನ್ನೂ ಚಲೋ.

ಎರಡನೆಯದು, ಬ್ರೇಕಿನ ಮೇಲೆ ಕಾಲು ಇಟ್ಟೇ ಇಳಿಯಬಾರದು. ಡ್ರಮ್ಮು ಕಾದು ಹಿಗ್ಗುತ್ತದೆ, ಲೈನಿಂಗಿನ ಹಿಡಿತ ಹೋಗುತ್ತದೆ, ಆಮೇಲೆ ಎಷ್ಟು ತುಳಿದರೂ ಗಾಡಿ ನಿಲ್ಲೋದಿಲ್ಲ. ಸ್ವಲ್ಪ ಹೊತ್ತು ಬಿಗಿಯಾಗಿ ತುಳಿದು, ವೇಗ ಇಳಿಸಿ, ಬಿಟ್ಟುಬಿಡಬೇಕು. 30ರ ವೇಗ 60 ಆದರೆ ಬ್ರೇಕು ನುಂಗಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು!

ಹಾಗಿದ್ದರೂ ನ್ಯೂಟ್ರಲ್ ಚಟ ಯಾಕೆ? "ಡೀಸೆಲ್ ಉಳಿತೈತ್ರೀ" ಅಂತಾರೆ. ಇದು ಶುದ್ಧ ಸುಳ್ಳು ಲೆಕ್ಕ. ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟರೆ ಈಗಿನ ಎಂಜಿನ್ನು ಡೀಸೆಲ್ ಸಪ್ಲಾಯ್ ತಾನೇ ಬಂದ್ ಮಾಡುತ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ತಿರುಗಲಿಕ್ಕೆ ಡೀಸೆಲ್ ಸುಡಲೇಬೇಕು. ಎಂಜಿನ್ನನ್ನೇ ಬಂದ್ ಮಾಡಿದರಂತೂ ಬ್ರೇಕಿಗೆ ಗಾಳಿ ತುಂಬೋದಿಲ್ಲ, ಪವರ್ ಸ್ಟೀರಿಂಗೂ ಕೈಕೊಡುತ್ತದೆ. ಎದುರಿಗೆ ಗಾಡಿ ಬಂದಾಗ ಸೈಡು ಕೊಡುವುದಾದರೂ ಹೇಗೆ? ಇಕ್ಕಟ್ಟಿನ ಘಟ್ಟದಲ್ಲಿ ಏರುವ ಗಾಡಿಗೆ ಮೊದಲು ದಾರಿ ಬಿಡಬೇಕೆಂಬುದು ಕಾಯ್ದೆ. ಹಿಡಿತದಲ್ಲಿರುವ ಲಾರಿ ಮಾತ್ರ ಅದನ್ನು ಪಾಲಿಸೀತು.

ಡ್ರೈವರನನ್ನೊಬ್ಬನನ್ನೇ ಬೈದರೆ ಮುಗಿಯಲಿಲ್ಲ. "ಬೆಳಕು ಹರಿಯೋದ್ರೊಳಗ ಮಾಲು ಮುಟ್ಟಬೇಕು" ಎನ್ನುವ ಅಂಗಡಿಕಾರರೂ, ಹೆಚ್ಚಿನ ಲೋಡು ಹೇರುವ ಮಾಲಕರೂ ತಮ್ಮ ಪಾಲು ನೋಡಿಕೊಳ್ಳಲಿ. ತಡೆಗೋಡೆಯಿಲ್ಲದ ತಿರುವುಗಳಿಗೆ ಹೆದ್ದಾರಿ ಸಾಹೇಬರು ಉತ್ತರ ಹೇಳಲಿ. ಮಾಲಿನ ಲಾರಿಯಲ್ಲಿ ಮಂದಿ ಹೇರುವುದು ಕಾಯ್ದೆಗೆ ವಿರುದ್ಧ, ಖರೆ. ಆದರೆ ಸಂತೆಗೆ ಹೋಗುವ ಬಡವನಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಸಿಕ್ಕರೆ ಅವನು ಚೀಲದ ಮೇಲೆ ಯಾಕೆ ಕೂತಾನು? ಸಾರಿಗೆ ಸಂಸ್ಥೆಯವರು ಇದನ್ನೂ ಯೋಚಿಸಲಿ.